ವಾಹನದ ಮುಂದೀಪ: ಬಲ್ಬು ಬದಲಿಸುವ ಮುನ್ನ

ಸಂಜೆ ಕೊಯ್ದ ಟೊಮೆಟೊ, ಸೊಪ್ಪು, ಹೂವು ಬೆಳಗಿನ ಹರಾಜಿಗೆ ಮಾರುಕಟ್ಟೆ ಸೇರಬೇಕಾದರೆ ವಾಹನ ರಾತ್ರಿಯೇ ಹೊರಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪಿಕಪ್ ವಾಹನಗಳಿಗಾಗಲಿ, ಮಲೆನಾಡಿನ ಜೀಪುಗಳಿಗಾಗಲಿ ಕತ್ತಲಿನ ಪ್ರಯಾಣ ತಪ್ಪಿದ್ದಲ್ಲ. ದಾರಿಯಲ್ಲಿ ದೀಪವಿಲ್ಲದ ಎತ್ತಿನ ಗಾಡಿ ಇರಬಹುದು, ಕೆಟ್ಟು ನಿಂತ ಕಬ್ಬಿನ ಟ್ರೇಲರ್ ಇರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಹೆಚ್ಚುಕಡಿಮೆ ಮತ್ತಷ್ಟೇ ದೂರ ಬೇಕು. ಎಂದರೆ 50 ಮೀಟರ್ ಮುಂದಿನ ಅಡ್ಡಿ ಕಾಣಿಸದಿದ್ದರೆ ಪ್ರಾಣಕ್ಕೆ ಅಪಾಯ ತಪ್ಪಿದ್ದಲ್ಲ.

ಬೆಳಕು ಸಾಲದೆಂದು ಅನೇಕರು ಅಂಗಡಿಗೆ ಹೋಗಿ 100/90 ವ್ಯಾಟಿನ ಬಲ್ಬು ತಂದು ಹಾಕುತ್ತಾರೆ. ಕೆಲವೇ ದಿನಗಳಲ್ಲಿ ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಅದಕ್ಕೆ ಮೊದಲು ಈಗಿರುವ ಬಲ್ಬಿಗೆ ಸಲ್ಲಬೇಕಾದ ವಿದ್ಯುತ್ತು ಪೂರ್ತಿ ಸಲ್ಲುತ್ತಿದೆಯೇ ಎಂದು ನೋಡುವವರು ವಿರಳ.

ಬೆಳಕು ಎಲ್ಲಿ ಸೋರುತ್ತದೆ?

ಬಾವಿಯ ಪಂಪು ಎಷ್ಟೇ ಬಲವಾಗಿದ್ದರೂ ಕೊಳವೆ ಸಣ್ಣದಾಗಿ, ಉದ್ದವಾಗಿ, ಒಳಗೆ ತುಕ್ಕು ಕಟ್ಟಿದ್ದರೆ ಕೊನೆಯ ಮಡಿಗೆ ನೀರು ಸಣ್ಣಗೆ ಬರುತ್ತದೆ. ವಾಹನದ ತಂತಿಯಲ್ಲೂ ಹೀಗೆಯೇ. ಹಳೆಯ ವಾಹನಗಳಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಚಾಲಕನ ಮುಂದಿನ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಬಂದು ದೀಪ ಸೇರುತ್ತದೆ. 60 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಒಟ್ಟು 10 ಆಂಪಿಯರ್ ಎಳೆಯುತ್ತವೆ. ಒಂದು ಚದರ ಮಿ.ಮೀ. ದಪ್ಪದ 5 ಮೀಟರ್ ತಾಮ್ರದ ತಂತಿಯಲ್ಲಿ ಇಷ್ಟು ವಿದ್ಯುತ್ತು ಹರಿದರೆ ಸುಮಾರು 0.9 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಸವೆದ ಸ್ವಿಚ್ಚು, ಹಸಿರು ಕಿಲುಬು ಹಿಡಿದ ಕೀಲು, ತುಕ್ಕು ತಿಂದ ಅರ್ತ್ ಜೋಡಣೆಗಳ ನಷ್ಟ ಇದಕ್ಕೆ ಸೇರುತ್ತದೆ.

ನಷ್ಟ ಚಿಕ್ಕದೆಂದು ಕಡೆಗಣಿಸಬಾರದು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ಶೇಕಡ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಮಂದವಾಗಿ, ಕೆಂಪಾಗಿ ಉರಿಯುವ ದೀಪಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಪರೀಕ್ಷೆ ಸುಲಭ. ಪಂಪಿನ ಮೋಟರು ರಿಪೇರಿ ಮಾಡುವವರ ಬಳಿ ಇರುವ ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ. ಅಳತೆಗೆ ಇಡಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕ್ ಹಾಕಿ, ಎಂಜಿನ್ ಚಾಲೂ ಮಾಡಿ ದೀಪ ಹೊತ್ತಿಸಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಬಲ್ಬಿಗೆ ವಿದ್ಯುತ್ತು ಬರುವ ತುದಿಗೂ ಮುಟ್ಟಿಸಿದರೆ ತಂತಿಯ ನಷ್ಟ ನೇರವಾಗಿ ತಿಳಿಯುತ್ತದೆ. ಅದೇ ರೀತಿ ಬ್ಯಾಟರಿಯ ಋಣ ತುದಿ ಮತ್ತು ಬಲ್ಬಿನ ಅರ್ತ್ ತುದಿಗಳ ನಡುವೆ ಅಳೆಯಬೇಕು. ಎರಡೂ ಸೇರಿ ಅರ್ಧ ವೋಲ್ಟ್ ಮೀರಿದರೆ ದುರಸ್ತಿ ಅಗತ್ಯ. ಎಷ್ಟೋ ವೇಳೆ ಅರ್ತ್ ಬೋಲ್ಟಿನ ತುಕ್ಕು ಉಜ್ಜಿ, ಬಿಗಿ ಮಾಡಿ, ಗ್ರೀಸ್ ಸವರಿದರೆ ಸಾಕಾಗುತ್ತದೆ.

ಹೆಚ್ಚು ವ್ಯಾಟಿನ ಬಲ್ಬು ಏಕೆ ಬೇಡ?

100 ವ್ಯಾಟಿನ ಎರಡು ಬಲ್ಬುಗಳು ಸುಮಾರು 17 ಆಂಪಿಯರ್ ಎಳೆಯುತ್ತವೆ. ತಂತಿಯ ಬಿಸಿ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿಯಲ್ಲಿ ಸುಮಾರು ಎರಡೂಮುಕ್ಕಾಲು ಪಟ್ಟು ಶಾಖ ಹುಟ್ಟುತ್ತದೆ. ನಷ್ಟವೂ ಹೆಚ್ಚುವುದರಿಂದ ನಿರೀಕ್ಷಿಸಿದಷ್ಟು ಬೆಳಕು ಬರುವುದಿಲ್ಲ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದರಂತೂ ವಾಹನಕ್ಕೆ ಬೆಂಕಿ ಬೀಳುವ ಸಂಭವವಿದೆ. ಇಂತಹ ಬಲ್ಬಿನ ಶಾಖಕ್ಕೆ ಪ್ರತಿಫಲಕದ ಹೊಳಪೂ ಹಾಳಾಗುತ್ತದೆ.

ರಿಲೇ ಅಳವಡಿಕೆ

ಹಳೆಯ ವಾಹನಕ್ಕೆ ಸರಿಯಾದ ಸುಧಾರಣೆ ಎಂದರೆ ರಿಲೇ. ಇದರಲ್ಲಿ ಸ್ವಿಚ್ಚಿನ ಮೂಲಕ ಅತ್ಯಲ್ಪ ವಿದ್ಯುತ್ತು ಮಾತ್ರ ಹರಿದು ರಿಲೇಯನ್ನು ಎಳೆಯುತ್ತದೆ. ದೀಪದ ವಿದ್ಯುತ್ತು ಬ್ಯಾಟರಿಯಿಂದ ಹತ್ತಿರದ ದಾರಿಯಲ್ಲಿ ಬಲ್ಬಿಗೆ ಹೋಗುತ್ತದೆ. 2.5 ಚದರ ಮಿ.ಮೀ. ದಪ್ಪದ 2 ಮೀಟರ್ ತಂತಿಯಲ್ಲಿ 10 ಆಂಪಿಯರಿಗೆ ನಷ್ಟ ಸುಮಾರು 0.14 ವೋಲ್ಟ್ ಮಾತ್ರ.

ರಿಲೇಯ ತುದಿಗಳಿಗೆ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ತಂತಿ, 87ಕ್ಕೆ ದೀಪದ ತಂತಿ, 86ಕ್ಕೆ ಸ್ವಿಚ್ಚಿನಿಂದ ಬಂದ ತಂತಿ, 85ಕ್ಕೆ ಅರ್ತ್ ಸೇರಿಸಬೇಕು. ದೂರದ ಬೆಳಕಿಗೊಂದು, ಡಿಪ್ ಬೆಳಕಿಗೊಂದು ಹೀಗೆ ಎರಡು ರಿಲೇ ಬೇಕು. 15 ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಸಮೀಪದಲ್ಲೇ ಇಡಬೇಕು. ಕೆಲವು ವಾಹನಗಳಲ್ಲಿ ಸ್ವಿಚ್ಚು ಅರ್ತ್ ಕಡೆಗಿರುವುದರಿಂದ ಈ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸುವುದು ಒಳ್ಳೆಯದು. ಹೊಸ ವಾಹನಗಳ ತಂತಿಯನ್ನು ಕತ್ತರಿಸಲು ಹೋಗಬಾರದು.

ಬಲ್ಬಿನ ಆಯ್ಕೆ

ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ 45/40 ವ್ಯಾಟಿನ ಸಾದಾ ಬಲ್ಬು ಇದ್ದರೆ, ರಿಲೇ ಅಳವಡಿಸಿದ ಮೇಲೆ ಅದೇ ಹೋಲ್ಡರಿಗೆ ಸರಿಹೊಂದುವ 60/55 ವ್ಯಾಟಿನ ಹ್ಯಾಲೊಜನ್ ಬಲ್ಬು ಹಾಕಬಹುದು. ಈಗಾಗಲೇ ಎಚ್-4 ಹ್ಯಾಲೊಜನ್ ಇದ್ದಲ್ಲಿ ಅದೇ ವ್ಯಾಟಿನ ಉತ್ತಮ ಬಲ್ಬು ಸಾಕು. ನೀಲಿ ಬಣ್ಣ ಬಳಿದ ಬಲ್ಬು ನೋಟಕ್ಕೆ ಬಿಳುಪಾದರೂ ಆ ಬಣ್ಣವೇ ಬೆಳಕಿನ ಒಂದಂಶವನ್ನು ತಡೆಯುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದ ಕಡೆ ಗಾಜು ಅತಿಯಾಗಿ ಕಾಯ್ದು ಬಲ್ಬು ಬೇಗ ಹಾಳಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟಿನಿಂದ ಒರೆಸಬೇಕು.

ಹ್ಯಾಲೊಜನ್ ದೀಪದ ಪ್ರತಿಫಲಕವನ್ನು ಬಲ್ಬಿನೊಳಗಿನ ಸಣ್ಣ ತಂತಿಯ ನಿಖರ ಸ್ಥಾನಕ್ಕೆ ಹೊಂದಿಸಿ ತಯಾರಿಸಿರುತ್ತಾರೆ. ಅದರಲ್ಲಿ ಎಲ್.ಇ.ಡಿ. ಬಲ್ಬು ತುರುಕಿದರೆ ಬೆಳಕಿನ ಮೂಲ ಸ್ಥಳ ತಪ್ಪಿ, ಕಿರಣಗಳು ಮೇಲಕ್ಕೂ ಪಕ್ಕಕ್ಕೂ ಚೆದರುತ್ತವೆ. ಚಾಲಕನಿಗೆ ಹತ್ತಿರದ ನೆಲ ಹೊಳೆಯುತ್ತದೆ, ದೂರದ್ದು ಕಾಣುವುದಿಲ್ಲ, ಎದುರಿನವನ ಕಣ್ಣು ಕುಕ್ಕುತ್ತದೆ. ತಯಾರಿಕೆಯಲ್ಲೇ ಎಲ್.ಇ.ಡಿ. ದೀಪ ಪಡೆದ ವಾಹನಗಳ ಮಾತು ಬೇರೆ.

ಗಾಜು ಮತ್ತು ದೀಪದ ಓಲು

ಕೆಸರು, ಧೂಳು ಮೆತ್ತಿದ ಗಾಜನ್ನು ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಗಾಜನ್ನು ನುಣುಪಾದ ನೀರಿನ ಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಬಹುದು. ಪ್ರತಿಫಲಕದ ಹೊಳಪೇ ಹೋಗಿದ್ದರೆ ದೀಪವನ್ನೇ ಬದಲಿಸಬೇಕು.

ದೀಪದ ಓಲು ಸರಿಪಡಿಸಲು ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ವಾಹನ ನಿಲ್ಲಿಸಬೇಕು. ಟೈರುಗಳ ಗಾಳಿ ಸರಿಯಾಗಿರಬೇಕು. ಡಿಪ್ ಬೆಳಕಿನ ಮೇಲಂಚು ಗೋಡೆಯ ಮೇಲೆ ದೀಪದ ಮಧ್ಯದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಹಿಂದೆ ಕ್ರೇಟುಗಳನ್ನು ಪೇರಿಸಿದಾಗ ಪಿಕಪ್ಪಿನ ಮೂತಿ ಮೇಲೆದ್ದು ಬೆಳಕು ಮರದ ತುದಿಗೆ ಹೋಗುತ್ತದೆ. ಆದ್ದರಿಂದ ಸದಾ ಹೊರುವಷ್ಟು ಭಾರ ಹೇರಿಯೇ ಪರೀಕ್ಷಿಸಬೇಕು. ಓಲು ತಗ್ಗಿಸುವ ಗುಂಡಿ ಇರುವ ವಾಹನಗಳಲ್ಲಿ ಭಾರ ಹೇರಿದಾಗಲೆಲ್ಲ ಅದನ್ನು ತಿರುಗಿಸಿಕೊಳ್ಳಬೇಕು.

ಇದು ಕಾನೂನಿನ ಅಗತ್ಯವೂ ಹೌದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆಗೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು.

ಮಂಜಿನ ದೀಪ

ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಟ್ಟಗಳಲ್ಲಿ ದೂರದ ಬೆಳಕು ಹಾಕಿದರೆ ಮುಂದೆ ಬಿಳಿ ಗೋಡೆಯೇ ಎದ್ದಂತಾಗುತ್ತದೆ. ಮಂಜಿನ ಹನಿಗಳು ಬೆಳಕನ್ನು ಚಾಲಕನ ಕಣ್ಣಿಗೇ ಹಿಂದಿರುಗಿಸುವುದರಿಂದ ಹೀಗಾಗುತ್ತದೆ. ಬಲ್ಬು ಪ್ರಖರವಾದಷ್ಟೂ ಗೋಡೆ ದಟ್ಟವಾಗುತ್ತದೆ. ಆದ್ದರಿಂದ ಮಂಜಿನ ದೀಪದ ಗುಣ ಅದರ ವ್ಯಾಟಿನಲ್ಲಿಲ್ಲ, ಅದನ್ನು ಕೂರಿಸುವ ಜಾಗ ಮತ್ತು ಕಿರಣದ ಆಕಾರದಲ್ಲಿದೆ. ಅದು ಬಂಪರಿನ ಮಟ್ಟದಲ್ಲಿ ತಗ್ಗಾಗಿರಬೇಕು, ಬೆಳಕು ಅಗಲವಾಗಿ ಹರಡಿ ಮೇಲಂಚು ಚೂಪಾಗಿ ಕತ್ತರಿಸಿದಂತಿರಬೇಕು. ಇಂತಹ ದೀಪಕ್ಕೆ 55 ವ್ಯಾಟ್ ಧಾರಾಳ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆಯಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದರಿಸುತ್ತವೆ. ಹಳದಿ ಬೆಳಕು ಕೆಲವರ ಕಣ್ಣಿಗೆ ಹಿತವೆನಿಸಬಹುದು, ಅಷ್ಟೇ. ಮಂಜು ಕಳೆದೊಡನೆ ಈ ದೀಪವನ್ನು ಆರಿಸಬೇಕು.

ಅನುಸರಿಸಬೇಕಾದ ಕ್ರಮ

ಮೊದಲು ಗಾಜು ಒರೆಸಿ, ಅರ್ತ್ ಮತ್ತು ಕೀಲುಗಳನ್ನು ಶುಚಿ ಮಾಡಬೇಕು. ಅನಂತರ ವೋಲ್ಟೇಜು ಅಳೆದು, ಅಗತ್ಯವಿದ್ದರೆ ರಿಲೇ ಹಾಕಿಸಬೇಕು. ಆಮೇಲೆ ಭಾರ ಹೇರಿ ಓಲು ಸರಿಪಡಿಸಬೇಕು. ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಮಾತ್ರ ಬಲ್ಬಿನ ಮಾತು. ಎದುರಿನಿಂದ ವಾಹನ ಬಂದಾಗ ಡಿಪ್ ಮಾಡುವುದನ್ನು ಮರೆಯಬಾರದು. ಕಣ್ಣು ಕುಕ್ಕಿಸಿಕೊಂಡ ಚಾಲಕ ನೇರವಾಗಿ ನಮ್ಮ ಕಡೆಗೇ ಬರುತ್ತಿರುತ್ತಾನೆ. ಬೆಳಕು ಎಷ್ಟೇ ಉತ್ತಮವಾದರೂ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಹುದಾದ ವೇಗವೇ ರಾತ್ರಿಯ ವೇಗ. ಹರಾಜಿಗೆ ಅರ್ಧ ಗಂಟೆ ತಡವಾದರೆ ಆಗುವ ನಷ್ಟವನ್ನು ಮುಂದಿನ ಕೊಯ್ಲಿನಲ್ಲಿ ತುಂಬಿಕೊಳ್ಳಬಹುದು.