ರಕ್ತದ ಕ್ಯಾನ್ಸರಿಗೊಂದು ಪುಟ್ಟ ಅಣು

ಜೀವಕೋಶವೊಂದು ಒಡೆದು ಎರಡಾಗಬೇಕಾದರೆ ಅದಕ್ಕೆ ಅಪ್ಪಣೆಯಾಗಬೇಕು. ಆ ಅಪ್ಪಣೆಯನ್ನು ಸಾಗಿಸುವ ಕಿಣ್ವಗಳಲ್ಲಿ ಕೈನೇಸ್‌ಗಳು ಮುಖ್ಯವಾದುವು. ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವುದೇ ಇವುಗಳ ಕೆಲಸ. ಕಲಾವಿಭಾಗದವರಾದ ನಮಗೆ ಇಷ್ಟು ತಿಳಿದರೆ ಸಾಕು.

ಅಪ್ಪಣೆ ನಿಲ್ಲದೆಯೇ ಹೋದರೆ? ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ಆಗುವುದು ಇದೇ. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬವರು ಈ ರೋಗಿಗಳ ಕೋಶಗಳಲ್ಲಿ ಗಿಡ್ಡಾದ ವರ್ಣತಂತುವೊಂದನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಜಾನೆಟ್ ರೌಲಿಯವರು ತೋರಿಸಿಕೊಟ್ಟರು. ಈ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕೈನೇಸಿಗೆ ವಿಶ್ರಾಂತಿಯೆಂಬುದೇ ಇಲ್ಲ.

ಇಮ್ಯಾಟಿನಿಬ್ ಎಂಬ ಪುಟ್ಟ ಅಣು, ಎಟಿಪಿ ಕೂರಬೇಕಾದ ಗೂಡಿನಲ್ಲಿ ತಾನೇ ಹೋಗಿ ಕೂರುತ್ತದೆ. ಬೀಗದ ಕಿಂಡಿಗೆ ಕಡ್ಡಿ ತುರುಕಿದರೆ ಬೀಗದ ಕೈ ಒಳಹೋಗದಷ್ಟೆ, ಹಾಗೆ. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಮೃತ್ಯುವನ್ನು ತರುತ್ತಿದ್ದ ರೋಗವನ್ನು ದಿನವೂ ಗುಳಿಗೆ ನುಂಗಿ ಹತೋಟಿಯಲ್ಲಿಡುವುದು ಅನೇಕರಿಗೆ ಸಾಧ್ಯವಾಯಿತು. ಆದರೆ ರೋಗವೂ ಸುಮ್ಮನಿರದು. ಆ ಕೈನೇಸಿನ 315ನೆಯ ಅಮೈನೊ ಆಮ್ಲವೊಂದು ಬದಲಾದರೆ ಸಾಕು, ಔಷಧವು ಅಲ್ಲಿ ನಿಲ್ಲಲಾರದು.

ಇನ್ನು ಗುಳಿಗೆ ಇದ್ದರೇನು, ಬಡವನ ಕೈಗೆ ಎಟುಕಬೇಕಷ್ಟೆ! ಇದರ ಸ್ಫಟಿಕರೂಪವೊಂದಕ್ಕೆ ಪೇಟೆಂಟು ಬೇಡಿದ ನೊವಾರ್ಟಿಸ್ ಕಂಪೆನಿಯ ಮನವಿಯನ್ನು ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಭಾರತದ ಕಂಪೆನಿಗಳು ಅಗ್ಗದ ಗುಳಿಗೆಗಳನ್ನು ತಯಾರಿಸುವುದಕ್ಕೆ ಅಡ್ಡಿಯಾಗಲಿಲ್ಲ.