ಭ್ರೂಣ ಸಂಶೋಧನೆ ಮತ್ತು ಶ್ರಾವಕನ ಅನುಮೋದನೆ

ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಗರ್ಭಕಲ್ಯಾಣವೇ ಮೊದಲನೆಯದು. ಜನ್ಮಕ್ಕೂ ಮುನ್ನ, ಜೀವವು ಗರ್ಭಕ್ಕೆ ಅವತರಿಸುವುದನ್ನೇ ಮಂಗಲವೆಂದು ಪೂಜಿಸುವ ಧರ್ಮಕ್ಕೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿರುವ ಭ್ರೂಣವು ಕೇವಲ ಕೋಶಗಳ ಮುದ್ದೆ ಎನಿಸಲಾರದು.

1996ರ ಜುಲೈ 5ರಂದು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ತದ್ರೂಪಿ ಕುರಿಮರಿ ಜನಿಸಿತು. ಬೆಳೆದ ಕುರಿಯ ಕೆಚ್ಚಲಿನ ಕೋಶವನ್ನು, ಕೇಂದ್ರವನ್ನು ತೆಗೆದ ಅಂಡದೊಡನೆ ಬೆಸೆಯುವುದೇ ಈ ಕ್ಲೋನಿಂಗ್ ವಿಧಾನ. ಹೀಗೆ ಬೆಸೆದ 277 ಅಂಡಗಳಲ್ಲಿ ಗರ್ಭದಲ್ಲಿರಿಸಲು ಯೋಗ್ಯವಾದ ಭ್ರೂಣಗಳು 29; ಬದುಕಿ ಹುಟ್ಟಿದ್ದು ಒಂದೇ. ಮನುಷ್ಯನನ್ನು ಹೀಗೆ ಸೃಷ್ಟಿಸಿದರೆ ಆತ್ಮವೂ ನಕಲಾಗುವುದೇ ಎಂಬ ಪ್ರಶ್ನೆ ಆಗ ಎದ್ದಿತು. ಜೈನ ಸಿದ್ಧಾಂತಕ್ಕೆ ಇದು ಕಠಿಣವಲ್ಲ. ಶರೀರರಚನೆ ನಾಮಕರ್ಮದ ಫಲ; ಪ್ರತಿ ಜೀವವೂ ತನ್ನದೇ ತೈಜಸ, ಕಾರ್ಮಣ ಶರೀರಗಳೊಡನೆ ಬರುತ್ತದೆ. ಒಂದೇ ರೂಪದ ಅವಳಿಗಳ ಆಯುಷ್ಯವೂ ಸುಖದುಃಖವೂ ಬೇರೆಬೇರೆಯಲ್ಲವೇ? ತಂದೆಯಿಲ್ಲದ ಇಂತಹ ಭ್ರೂಣದ ಜನ್ಮ, ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಸಮ್ಮೂರ್ಛನ, ಗರ್ಭ, ಉಪಪಾದಗಳಲ್ಲಿ ಯಾವುದೆಂಬುದನ್ನು ಪಂಡಿತರು ಚರ್ಚಿಸಲಿ. ಕಠಿಣ ಪ್ರಶ್ನೆ ಹುಟ್ಟದೇ ಅಳಿದ ಆ 28 ಭ್ರೂಣಗಳದು.

ಭಾರತದ 2017ರ ಕಾಂಡಕೋಶ ಸಂಶೋಧನಾ ಮಾರ್ಗಸೂಚಿಯು ಮಾನವ ತದ್ರೂಪಿಯನ್ನು ಹುಟ್ಟಿಸುವುದನ್ನು ನಿಷೇಧಿಸಿದೆ. ಮಾನವ ಭ್ರೂಣವನ್ನು 14 ದಿನಗಳಾಚೆ ಪ್ರಯೋಗಶಾಲೆಯಲ್ಲಿ ಬೆಳೆಸಕೂಡದೆಂದೂ ಹೇಳಿದೆ. ಬೆನ್ನುಹುರಿಯ ದಿಕ್ಕನ್ನು ಸೂಚಿಸುವ ಗೆರೆ ಭ್ರೂಣದಲ್ಲಿ ಸುಮಾರು ಆ ವೇಳೆಗೆ ಮೂಡುವುದರಿಂದ ಈ ಗಡಿ. ಆದರೆ ಆಗಮದಂತೆ ಜೀವವು ತನ್ನ ಪರ್ಯಾಪ್ತಿಗಳನ್ನು ಪೂರ್ಣಗೊಳಿಸುವುದು ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷಗಳೊಳಗೆ. ಹದಿನಾಲ್ಕು ದಿನಗಳ ಅನುಮತಿ ಸರಕಾರದ್ದು, ಶಾಸ್ತ್ರದ್ದಲ್ಲ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಎರಡು ಮಾನವ ಕಾಂಡಕೋಶ ಸಂತತಿಗಳನ್ನು ಪಡೆದ ವಿವರ 2009ರಲ್ಲಿ ಪ್ರಕಟವಾಯಿತು. ಅವರು ಬಳಸಿದ್ದು ಕೆಳದರ್ಜೆಯವೆಂದು ಕೈಬಿಟ್ಟಿದ್ದ ಭ್ರೂಣಗಳನ್ನು. ಹೇಗೂ ನಶಿಸುವುದು ರೋಗಿಗೆ ಉಪಕಾರವಾಗಲಿ ಎಂಬ ವಾದದಲ್ಲಿ ಕರುಣೆಯಿದೆ. ಅದನ್ನು ಹಗುರಾಗಿ ತಳ್ಳಲಾಗದು. ಆದರೂ ಕಸಾಯಿಖಾನೆಗೆ ಹೊರಟ ಪಶು ಹೇಗೂ ಸಾಯುವುದೆಂದು ಶ್ರಾವಕನು ಅದರ ಚರ್ಮಕ್ಕೆ ಮುಂಗಡ ಕೊಡುವನೇ? ಬೇರೆ ದಾರಿಯೂ ಇದೆ. ಜಪಾನಿನ ಶಿನ್ಯ ಯಮನಕ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನೇ ಭ್ರೂಣದ ಕಾಂಡಕೋಶಗಳಂತೆ ಮಾರ್ಪಡಿಸಿದರು. ಮರುವರ್ಷ ಮಾನವ ಕೋಶಗಳಲ್ಲಿಯೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇದು ವಿಜ್ಞಾನಿಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಗೋವಾ ಸೇರಿದಂತೆ ದೇಶಕ್ಕೆಲ್ಲ ಅನ್ವಯಿಸುವ 2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆಯಂತೆ, ಶೀತಲೀಕರಿಸಿಟ್ಟ ಭ್ರೂಣದ ಅವಧಿ ಹೆಚ್ಚೆಂದರೆ 10 ವರ್ಷ. ಅನಂತರ ಅದನ್ನು ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಮಗುವಿಗಾಗಿ ಹಂಬಲಿಸುವ ದಂಪತಿಗಳು ಆಸ್ಪತ್ರೆಯ ಕಾಗದಗಳಿಗೆ ಓದದೆಯೇ ಸಹಿ ಮಾಡುವುದುಂಟು. ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಸಹಿ ಎಂದರೆ ಅನುಮೋದನೆಯೇ. ಚಿಕಿತ್ಸೆ ಬೇಡವೆಂದು ಯಾರೂ ಹೇಳಬೇಕಾಗಿಲ್ಲ, ಸಂತಾನದ ಇಚ್ಛೆ ಗೃಹಸ್ಥನಿಗೆ ಸಹಜ. ಆದರೆ ಗರ್ಭದಲ್ಲಿರಿಸಲು ಬೇಕಾದಷ್ಟೇ ಭ್ರೂಣಗಳನ್ನು ಸಿದ್ಧಪಡಿಸಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬಹುದು. ಅದನ್ನು ಕೇಳಬೇಕಾದುದು ಅಂಡಗಳನ್ನು ಹೊರತೆಗೆಯುವ ಮುನ್ನ. ಆಮೇಲೆ ಕೇಳಿದರೆ ತಡವಾಗಿರುತ್ತದೆ.