ಮಂಡೇಲಾ ವಾಷಿಂಗ್ಟನ್ ಫೆಲೋಶಿಪ್: ವಿದೇಶಾಂಗ ನೀತಿಯಲ್ಲಿ ಮೃದು ಶಕ್ತಿ

ಪರಿಕಲ್ಪನೆ: ಸೇನಾಬಲ, ಹಣದ ಒತ್ತಡಗಳಿಲ್ಲದೆ ಆಕರ್ಷಣೆಯಿಂದಲೇ ಇತರ ದೇಶಗಳ ಒಲವು ಗಳಿಸುವುದು ಮೃದು ಶಕ್ತಿ. 1990ರಲ್ಲಿ ಇದನ್ನು ಪ್ರತಿಪಾದಿಸಿದವರು ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜೋಸೆಫ್ ನೈ. ಸರ್ಕಾರಿ ಹಣದ ನಾಯಕತ್ವ ಫೆಲೋಶಿಪ್‌ಗಳು ಇದರ ಪ್ರಮುಖ ಸಾಧನ.

ಮುಖ್ಯಾಂಶಗಳು
• ಆರಂಭ: 2014, ಬರಾಕ್ ಒಬಾಮಾ ಆಡಳಿತಾವಧಿ. 2010ರ ಯುವ ಆಫ್ರಿಕನ್ ನಾಯಕರ ಉಪಕ್ರಮದ ಭಾಗ.
• ಧನಸಹಾಯ: ಅಮೆರಿಕದ ವಿದೇಶಾಂಗ ಇಲಾಖೆ.
• ಫಲಾನುಭವಿಗಳು: ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ, ಸಾಮಾನ್ಯವಾಗಿ 25–35 ವಯಸ್ಸಿನವರು.
• ತರಬೇತಿ: ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸುಮಾರು 6 ವಾರ.
• ವಿಭಾಗಗಳು: ಉದ್ಯಮ, ನಾಗರಿಕ ನಾಯಕತ್ವ, ಸಾರ್ವಜನಿಕ ಆಡಳಿತ. ಸ್ವಯಂಸೇವಾ ಮತ್ತು ದತ್ತಿ ಸಂಸ್ಥೆಗಳ ಮುಂದಾಳುಗಳಿಗೆ ಎರಡನೆಯದು.

ಪ್ರಭಾವದ ಬಗೆ: ಇಂದಿನ ಸಂಸ್ಥೆಯ ಮುಖ್ಯಸ್ಥರು ನಾಳೆ ಸಚಿವರೋ ನೀತಿ ಸಲಹೆಗಾರರೋ ಆಗಬಹುದು. ತರಬೇತಿಯಲ್ಲಿ ಬೆಳೆದ ಸ್ನೇಹ, ಹಳೆಯ ಫೆಲೋಗಳ ಜಾಲ ಮತ್ತು ರಾಯಭಾರ ಕಚೇರಿಯ ನಂಟು ಆಗ ನೆರವಾಗುತ್ತವೆ.

ವಿಮರ್ಶೆ: ಕೌಶಲ, ಆತ್ಮವಿಶ್ವಾಸ ಹೆಚ್ಚುವುದು ನಿಜವಾದ ಲಾಭ. ಆದರೆ ಧನ ನೀಡುವ ದೇಶದ ಆದ್ಯತೆಗಳೇ ಸ್ಥಳೀಯ ಸಂಸ್ಥೆಗಳ ಕಾರ್ಯಸೂಚಿಯಾಗಬಾರದು. ಅವುಗಳ ಮೊದಲ ಹೊಣೆ ತಾವು ಸೇವೆ ಸಲ್ಲಿಸುವ ಜನರಿಗೆ. ಆಯ್ಕೆ ಮತ್ತು ಹಣದ ಮೂಲ ಪಾರದರ್ಶಕವಾಗಿದ್ದರೆ ಮಾತ್ರ ನಂಬಿಕೆ ಉಳಿಯುತ್ತದೆ.

ಹೋಲಿಸಿ ಓದಿ
• ಫುಲ್‌ಬ್ರೈಟ್ (ಅಮೆರಿಕ): 1946. ಭಾರತದೊಂದಿಗೆ ಒಪ್ಪಂದ 1950. 2008ರ ಹೊಸ ಒಪ್ಪಂದದ ಬಳಿಕ ಫುಲ್‌ಬ್ರೈಟ್–ನೆಹರೂ, ಉಭಯ ಸರ್ಕಾರಗಳ ಧನಸಹಾಯ.
• ಚೀವನಿಂಗ್ (ಬ್ರಿಟನ್): 1983.
• ಐಟೆಕ್ (ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ): 1964, ವಿದೇಶಾಂಗ ಸಚಿವಾಲಯ.

ಮಾದರಿ ಪ್ರಶ್ನೆ: ಭಾರತದ ಮೃದು ಶಕ್ತಿಗೆ ಐಟೆಕ್ ನೀಡಿದ ಕೊಡುಗೆಯನ್ನು ವಿವರಿಸಿ.